ಎರಡು ಎಕರೆ ಇಪ್ಪತ್ತು ಗುಂಟೆ: ಪಹಣಿಯೊಳಗಿನ ಸದ್ದಿಲ್ಲದ ತಪ್ಪುಗಳು

ಇವತ್ತು ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ಕೈಯಲ್ಲಿರೋ ಫೋನಿನಲ್ಲಿ ಕ್ಯಾಲ್ಕುಲೇಟರ್ ತೆಗೀರಿ. 2.20ಕ್ಕೆ 1.30 ಕೂಡಿಸಿ. ಎಷ್ಟು ಬಂತು? 3.50. ಸರಿ, ಈಗ ಅದೇ ಲೆಕ್ಕವನ್ನ ಕುಷ್ಟಗಿ ಕಡೆಯ ಯಾರಾದರೂ ರೈತರಿಗೆ ಕೇಳಿ. ಎರಡು ಎಕರೆ ಇಪ್ಪತ್ತು ಗುಂಟೆ ಹೊಲ, ಪಕ್ಕದಲ್ಲಿ ಇನ್ನೊಂದು ಎಕರೆ ಮೂವತ್ತು ಗುಂಟೆ. ಒಟ್ಟು ಎಷ್ಟು? ಅವರು ಬೆರಳು ಮಡಚದೆ ಹೇಳ್ತಾರೆ: ನಾಲ್ಕು ಎಕರೆ ಹತ್ತು ಗುಂಟೆ.

ರೈತರ ಉತ್ತರವೇ ಸರಿ. 40 ಗುಂಟೆಗೆ ಒಂದು ಎಕರೆ. ಇಪ್ಪತ್ತು, ಮೂವತ್ತು ಸೇರಿ ಐವತ್ತು ಗುಂಟೆ, ಅಂದ್ರೆ ಒಂದು ಎಕರೆ ಹತ್ತು ಗುಂಟೆ. ಕ್ಯಾಲ್ಕುಲೇಟರ್‌ಗೆ ಆ ಚುಕ್ಕೆ ದಶಮಾಂಶ. ಪಹಣಿಯಲ್ಲಿ ಆ ಚುಕ್ಕೆ ಎಕರೆ ಮತ್ತು ಗುಂಟೆ ನಡುವಿನ ಬೇಲಿ. ನೋಡೋಕೆ ಎರಡೂ ಒಂದೇ ಚುಕ್ಕೆ. ಕ್ಯಾಲ್ಕುಲೇಟರ್ ತಪ್ಪು ಉತ್ತರ ಕೊಟ್ಟಾಗ ಕೆಂಪು ಅಕ್ಷರದಲ್ಲಿ ಎರರ್ ಬರಲಿಲ್ಲ ಅನ್ನೋದನ್ನ ನೆನಪಿಟ್ಟುಕೊಳ್ಳಿ. ಇವತ್ತಿನ ಕಂತು ಪೂರ್ತಿ ಅದರ ಮೇಲೇನೇ ನಿಂತಿದೆ.

ಫಾರ್ಮ್ ತುಂಬುವುದು, ಸರ್ವರ್ ಅದನ್ನ ಓದುವುದು, ಡೇಟಾಬೇಸ್‌ನಲ್ಲಿ ಕೂರಿಸುವುದು, ಈ ದಾರಿಯಲ್ಲಿ ಆಗೋ ತಪ್ಪುಗಳ ಬಗ್ಗೆ ಕೋಡಿಂಗ್ ಕಲಿಯೋರು ಮಾತ್ರ ತಲೆ ಕೆಡಿಸ್ಕೋಬೇಕು ಅಂತ ನಾವು ಅಂದ್ಕೊಂಡಿದ್ದೀವಿ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಹೊಲ ಇರೋ ಪ್ರತಿ ಮನೆಯೂ ಒಂದು ಡೇಟಾಬೇಸ್‌ನ ಒಳಗೇ ಬದುಕ್ತಿದೆ. ಆ ಡೇಟಾಬೇಸ್‌ನ ಹೆಸರು ‘ಭೂಮಿ’.

ಕಂಪ್ಯೂಟರ್‌ಗಿಂತ ಹಳೇ ಕಾಲಂಗಳು

ಪಹಣಿ ಅನ್ನೋದು ಕಂಪ್ಯೂಟರ್ ಬರೋಕೆ ಎಷ್ಟೋ ವರ್ಷ ಮುಂಚೆನೇ ಒಂದು ಫಾರ್ಮ್. ಅಡ್ಡ ಗೆರೆ, ಉದ್ದ ಗೆರೆ, ಕಾಲಂಗೊಂದು ನಂಬರ್. ನಮ್ಮ ನಾಲ್ಕೂ ತಾಲೂಕು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆದರೆ ನಾಲ್ಕರ ಲೆಕ್ಕವೂ ಒಂದೇ ಕಡೆ ಇರಲಿಲ್ಲ. ಗಂಗಾವತಿ, ಕುಷ್ಟಗಿ ನೇರ ಸರ್ಕಾರದ ಆಡಳಿತದಲ್ಲಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. 1949ರಲ್ಲಿ ಜಹಗೀರುಗಳನ್ನ ರದ್ದು ಮಾಡಿದಾಗ ಎರಡು ಬೇರೆ ಬೇರೆ ದಫ್ತರಗಳು ಒಂದಾಗಬೇಕಾಯ್ತು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಎರಡು ಡೇಟಾಬೇಸ್ ಮರ್ಜ್ ಮಾಡಿದಂಗೆ.

ಇಸವಿಯ ಕಥೆ ಇನ್ನೂ ಮಜಾ ಇದೆ. ಹೈದರಾಬಾದಿನ ಭೂಕಂದಾಯ ಕಾಯ್ದೆಯ ಹೆಸರಲ್ಲೇ 1317 ಫಸಲಿ ಅಂತಿದೆ. ಅದು ಕ್ರಿ.ಶ. 1907ರ ಆಸುಪಾಸು. ಫಸಲಿ ಅಂದ್ರೆ ಬೆಳೆಯ ಲೆಕ್ಕದ ವರ್ಷ, ನಮ್ಮ ಇಸವಿಗಿಂತ ಸುಮಾರು 590 ವರ್ಷ ಹಿಂದೆ ಓಡುತ್ತೆ. ಹಳೇ ಕಾಗದದಲ್ಲಿ 1350 ಅಂತ ಕಂಡರೆ ಅದು ವಿಜಯನಗರ ಕಾಲದ್ದಲ್ಲ, 1940ರ ಸುಮಾರಿನದು. ತಾರೀಖಿನ ಕಾಲಂನಲ್ಲಿ ‘ಇದು ಯಾವ ಪಂಚಾಂಗ’ ಅಂತ ಬರೆದಿಡದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪಾಠ ಯಾವ ಪ್ರೋಗ್ರಾಮಿಂಗ್ ಕ್ಲಾಸಿನಲ್ಲೂ ಸಿಗೋದಿಲ್ಲ.

1956ರಲ್ಲಿ ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಆಗ ನಾವು ರಾಯಚೂರು ಜಿಲ್ಲೆ. 1964ರ ಭೂಕಂದಾಯ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ಪದ್ಧತಿ ತಂತು. ಹಳೇ ಮೈಸೂರಿನ ಶಾನುಭೋಗರ ಲೆಕ್ಕ, ಮುಂಬೈ ಕರ್ನಾಟಕದ ಉತಾರ, ನಮ್ಮ ಕಡೆ ಪಟವಾರಿಗಳ ಪಹಣಿ, ಎಲ್ಲಾನೂ ಆರ್‌ಟಿಸಿ ಅನ್ನೋ ಒಂದೇ ನಮೂನೆಗೆ ಬಂದವು. ಹೆಸರು ಬದಲಾಯ್ತು, ಆದರೆ ಊರಲ್ಲಿ ಇವತ್ತಿಗೂ ಪಹಣಿ ಅಂತಾನೇ ಅಂತೀವಿ.

ಈ ಕಾಗದದ ವ್ಯವಸ್ಥೆಯ ದೊಡ್ಡ ತೊಂದರೆ ಏನಪಾ ಅಂದ್ರೆ, ಪುಸ್ತಕ ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು. ಅವರು ಸಿಕ್ಕಾಗ ನಕಲು ಸಿಕ್ಕಿತು. ಯಾವ ಅರ್ಜಿ ಮೊದಲು, ಯಾವುದು ಆಮೇಲೆ ಅನ್ನೋದು ಅವರ ಮರ್ಜಿ. ಸಾಲುಗಳ ನಡುವೆ ಒಂದು ಹೆಸರು ಸೇರಿದರೆ ಯಾವತ್ತು ಸೇರಿತು, ಯಾರು ಸೇರಿಸಿದರು ಅಂತ ಆ ಪುಟ ತಾನಾಗೇ ಹೇಳೋದಿಲ್ಲ.

177 ತಾಲೂಕು, 2 ಕೋಟಿ ಪಹಣಿ

ಕಂಪ್ಯೂಟರ್‌ಗೆ ಹಾಕೋ ಮೊದಲ ಪ್ರಯತ್ನ ನಮ್ಮ ನೆರೆಯ ಗುಲ್ಬರ್ಗಾ ಜಿಲ್ಲೆಯಲ್ಲೇ, 1991ರಲ್ಲಿ ಆಯ್ತು. ಆಗಿನ ಯೋಜನೆಯ ದೊಡ್ಡ ಕೊರತೆ ಏನು ಗೊತ್ತಾ? ಪಹಣಿ ಬದಲಾಗೋದು ತಾಲೂಕು ಮಟ್ಟದಲ್ಲಿ. ಅಲ್ಲಿ ಕಂಪ್ಯೂಟರ್ ಇಡೋ ವ್ಯವಸ್ಥೆಯೇ ಯೋಜನೆಯಲ್ಲಿರಲಿಲ್ಲ. ಒಂದು ಕಡೆ ಹಳೇದನ್ನ ಟೈಪ್ ಮಾಡ್ತಿದ್ದಂಗೆ ಇನ್ನೊಂದು ಕಡೆ ಪುಸ್ತಕದಲ್ಲಿ ಹೊಸ ಹೆಸರು ಬರೀತಿದ್ದರು. ಟೈಪ್ ಮುಗಿಯೋದರೊಳಗೆ ಡೇಟಾ ಹಳೇದಾಗಿರ್ತಿತ್ತು.

‘ಭೂಮಿ’ ಯೋಜನೆ ಈ ಪಾಠ ಕಲಿತೇ ಶುರುವಾಯ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಉಸ್ತುವಾರಿ, ತಂತ್ರಾಂಶ ಬರೆದದ್ದು ಎನ್‌ಐಸಿ. 2000ದ ಆಚೀಚೆ ಒಂದೊಂದೇ ತಾಲೂಕು ಸೇರಿಸ್ತಾ ಹೋಗಿ 177 ತಾಲೂಕುಗಳನ್ನ ಮುಟ್ಟಿದರು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ಒಳಗೆ ಬಂದವು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿದ್ದ ಕೊಪ್ಪಳ ಇನ್ನೂ ಕೂಸು ಜಿಲ್ಲೆ. ಆ 177ರಲ್ಲಿ ನಮ್ಮವು ನಾಲ್ಕು. ಒಂದು ತಾಲೂಕಿನಲ್ಲಿ ಭೂಮಿ ಕೇಂದ್ರ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂದರು. ಆಗ ಕೌಂಟರ್‌ನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗ್ತಿತ್ತು.

ಮೂರು ಒಳ್ಳೇ ಕೆಲಸ ಅಲ್ಲಿ ಆದವು. ಒಂದು, ಖಾತೆ ಬದಲಾವಣೆ ಅರ್ಜಿಗಳನ್ನ ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಮಧ್ಯದಲ್ಲಿ ಹಾರಿಸೋ ಹಂಗಿಲ್ಲ. ಎರಡು, ಲಾಗಿನ್‌ಗೆ ಪಾಸ್‌ವರ್ಡ್ ಸಾಲದು, ಬೆರಳಚ್ಚು ಬೇಕು. ‘ನನ್ನ ಪಾಸ್‌ವರ್ಡ್ ಬೇರೆ ಯಾರೋ ಹಾಕಿದ್ದಾರೆ’ ಅಂತ ಆಮೇಲೆ ಜಾರಿಕೊಳ್ಳೋಕೆ ದಾರಿ ಇಲ್ಲ. ಮೂರು, ಸಹಿ ಮಾಡಿದ ಆದೇಶದ ಪ್ರತಿಯನ್ನ ಸ್ಕ್ಯಾನ್ ಮಾಡಿ ದಾಖಲೆಗೆ ಸೇರಿಸಬೇಕು. ಯಾರು, ಯಾವಾಗ, ಯಾವ ಆಧಾರದ ಮೇಲೆ ಅನ್ನೋ ಮೂರೂ ಪ್ರಶ್ನೆಗೆ ಉತ್ತರ ಉಳಿಯುತ್ತೆ. ಕೋಡಿಂಗ್‌ನವರು ಇದನ್ನ ಲಾಗ್ ಅಂತಾರೆ.

ಆದರೆ ಒಳಗೆ ಹೋದದ್ದು ಏನು? ಕೈಬರಹದ ಪುಸ್ತಕದಲ್ಲಿ ಇದ್ದದ್ದೇ. ಅಲ್ಲಿದ್ದ ತಪ್ಪೂ ಹೋಯ್ತು, ಟೈಪ್ ಮಾಡುವಾಗಿನ ತಪ್ಪೂ ಸೇರಿತು. ಮುಂಚೆ ಅಕ್ಷರ ನೋಡಿದರೆ ‘ಇದು ಯಾರೋ ತಿದ್ದಿದ್ದಾರೆ’ ಅನ್ನೋ ಅನುಮಾನನಾದರೂ ಬರ್ತಿತ್ತು. ಪ್ರಿಂಟ್‌ನಲ್ಲಿ ಸರಿ ಹೆಸರು, ತಪ್ಪು ಹೆಸರು ಎರಡೂ ಒಂದೇ ಚೆಂದ ಕಾಣ್ತಾವೆ.

ಕಾಲಂ 3, ಕಾಲಂ 9

ತಹಶೀಲ್ದಾರ್ ಕಚೇರಿಗೆ ಓಡಾಡಿದವರಿಗೆ ಈ ಎರಡು ನಂಬರ್ ಗೊತ್ತಿರುತ್ತೆ. ಕಾಲಂ 3ರಲ್ಲಿ ಆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ. ಕಾಲಂ 9ರಲ್ಲಿ ಯಾರ ಯಾರ ಹೆಸರಿಗೆ ಎಷ್ಟೆಷ್ಟು. 9ರ ಮೊತ್ತ 3ಕ್ಕೆ ತಾಳೆ ಆಗಬೇಕು. ಬಿ.ಕಾಂ ಓದಿದವರಿಗೆ ಇದು ಟ್ರಯಲ್ ಬ್ಯಾಲೆನ್ಸ್ ಥರ ಕಾಣುತ್ತೆ. ತಾಳೆ ಆಗದಿದ್ದರೆ ಮಾರೋಕೆ, ಭಾಗ ಮಾಡ್ಕೊಳ್ಳೋಕೆ, ಸಾಲಕ್ಕೆ ಹೋಗೋಕೆ ಎಲ್ಲಾ ಕಡೆ ತಕರಾರು.

ಒಂದು ಉದಾಹರಣೆ ಕಟ್ಟೋಣ. ಒಟ್ಟು 8 ಎಕರೆ 10 ಗುಂಟೆ. ಮೂವರು ಅಣ್ಣತಮ್ಮಂದಿರು, ತಲಾ 2 ಎಕರೆ 30 ಗುಂಟೆ. ಮೂರು ಸಲ ಮೂವತ್ತು ತೊಂಬತ್ತು ಗುಂಟೆ, ಅಂದ್ರೆ 2 ಎಕರೆ 10 ಗುಂಟೆ. ಆರು ಎಕರೆಗೆ ಅದು ಸೇರಿ 8 ಎಕರೆ 10 ಗುಂಟೆ. ಸರಿಯಾಗಿದೆ. ಆದರೆ ಯಾರಾದರೂ ಅವಸರದಲ್ಲಿ ಇದನ್ನ ದಶಮಾಂಶದ ಕಾಲಂನಲ್ಲಿ ಇಟ್ಟು ಪ್ರೋಗ್ರಾಂ ಬರೆದರೆ, 2.30 ಮೂರು ಸಲ 6.90. 8.10ಕ್ಕೆ ತಾಳೆ ಇಲ್ಲ, ಸರಿ ಇರೋ ಪಹಣಿಯನ್ನೇ ತಪ್ಪು ಅನ್ನುತ್ತೆ. ಅದೇ ಪ್ರೋಗ್ರಾಂಗೆ 2.70 ಅಂತ ಮೂರು ಸಲ ಕೊಡಿ. 8.10, ತಾಳೆ ಆಯ್ತು, ಓಕೆ ಅನ್ನುತ್ತೆ. ಎಪ್ಪತ್ತು ಗುಂಟೆ ಅಂತ ಯಾವ ಪಹಣಿಯಲ್ಲಾದರೂ ಬರೀತಾರಾ?

ಮದ್ದು ಸರಳ. ಒಳಗೆ ಎಲ್ಲವನ್ನೂ ಗುಂಟೆಯಲ್ಲೇ ಇಡಬೇಕು. 8 ಎಕರೆ 10 ಗುಂಟೆ ಅಂದ್ರೆ 330. 2 ಎಕರೆ 30 ಗುಂಟೆ ಅಂದ್ರೆ 110. ಮೂರು ನೂರಾ ಹತ್ತು ಮುನ್ನೂರ ಮೂವತ್ತು. ಆಣೆ ಲೆಕ್ಕ ಇದ್ದರೆ ಇನ್ನೂ ಕೆಳಗಿಳಿದು ಆಣೆಯಲ್ಲಿ ಇಡಿ, ಗುಂಟೆಗೆ 16 ಆಣೆ. ತೋರಿಸುವಾಗ ಮಾತ್ರ ಎಕರೆ-ಗುಂಟೆ ಮಾಡಿ. ಫಾರ್ಮಿನಲ್ಲಿ ಎಕರೆಗೊಂದು, ಗುಂಟೆಗೊಂದು ಬೇರೆ ಬೇರೆ ಬಾಕ್ಸ್, ಗುಂಟೆಯ ಬಾಕ್ಸಿನಲ್ಲಿ 39 ದಾಟಬಾರದು. ದಾಟಿದರೆ ಸರ್ವರ್ ವಾಪಸ್ ಕಳಿಸಬೇಕು.

ಡೇಟಾಬೇಸ್ ಸುಮ್ಮನೆ ನುಂಗಿದಾಗ

ಇಲ್ಲಿ ಸ್ವಲ್ಪ ಹೊರಗಿನ ಇತಿಹಾಸ ಬೇಕು. ವೆಬ್ ಪುಟದ ಫಾರ್ಮ್ ತುಂಬಿದರೆ ಸರ್ವರ್‌ನಲ್ಲಿರೋ ಪ್ರೋಗ್ರಾಂಗೆ ಮುಟ್ಟಿಸೋ ಸಿಜಿಐ ಅನ್ನೋ ಪದ್ಧತಿ 1993ರದು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಪಿಎಚ್‌ಪಿ ಬಿಡುಗಡೆ ಮಾಡಿದರು. ಅದೇ ವರ್ಷ ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಂತು. ಎರಡೂ ಪುಕ್ಕಟೆ ಸಿಗ್ತಿದ್ದವು, ಕಲಿಯೋಕೂ ಸುಲಭ. ಕಾಲೇಜು ಪ್ರಾಜೆಕ್ಟ್‌ನಿಂದ ಹಿಡಿದು ಅಂಗಡಿ, ಸೊಸೈಟಿ, ಶಾಲೆಗಳ ಸಣ್ಣ ತಂತ್ರಾಂಶದವರೆಗೆ ಈ ಜೋಡಿ ಹಬ್ಬಿತು. ಭೂಮಿ ತಂತ್ರಾಂಶ ಇದರ ಮೇಲೆ ಓಡ್ತಿದೆ ಅಂತ ನಾನು ಹೇಳ್ತಿಲ್ಲ. ನಮ್ಮ ಹುಡುಗರು, ಹುಡುಗಿಯರು ಇವತ್ತಿಗೂ ಮೊದಲು ಕಲಿಯೋದು ಬಹಳ ಸಲ ಇದೇ ಜೋಡಿ, ಅದಕ್ಕೇ ಉದಾಹರಣೆ ಇಲ್ಲಿಂದ ತಗೊಂಡೆ.

ಮೈಎಸ್‌ಕ್ಯೂಎಲ್‌ಗೆ ಬಹಳ ವರ್ಷ ಒಂದು ‘ಒಳ್ಳೇತನ’ ಇತ್ತು. ಅಂಕಿ ಮಾತ್ರ ಇರಬೇಕಾದ ಕಾಲಂಗೆ ನೀವು ‘2-20’ ಅಂತ ಕಳಿಸಿದರೆ ಅದು ಜಗಳ ಮಾಡ್ತಿರಲಿಲ್ಲ. ಮೊದಲಿನ 2 ಇಟ್ಕೊಂಡು ಉಳಿದದ್ದನ್ನ ಬಿಟ್ಟುಬಿಡ್ತಿತ್ತು. ಮೂಲೆಯಲ್ಲಿ ಒಂದು ಎಚ್ಚರಿಕೆ, ಅದನ್ನ ಯಾರೂ ಓದಲ್ಲ. ಸ್ಕ್ರೀನ್ ಮೇಲೆ ‘ಯಶಸ್ವಿಯಾಗಿ ಸೇವ್ ಆಗಿದೆ’. ಹೋದದ್ದು 20 ಗುಂಟೆ, ಅಂದ್ರೆ ಅರ್ಧ ಎಕರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯೋ ಗಂಗಾವತಿ ಕಡೆಯ ಭತ್ತದ ಗದ್ದೆಯಲ್ಲಿ ಅರ್ಧ ಎಕರೆ ಅಂದ್ರೆ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ. 2015ರ 5.7 ಆವೃತ್ತಿಯಿಂದ ಮುಂದೆ, ಸ್ಟ್ರಿಕ್ಟ್ ಮೋಡ್ ತಾನಾಗೇ ಚಾಲೂ ಇರುತ್ತೆ. ಈಗ ಅದು ಸೇರಿಸೋದಿಲ್ಲ, ಎರರ್ ಕೊಡುತ್ತೆ.

ಆ ಎರರ್ ಬಂದ ಕೂಡಲೇ ಸುಮಾರು ಜನ ಮಾಡೋದೇನು? ಸ್ಟ್ರಿಕ್ಟ್ ಮೋಡ್ ಆಫ್ ಮಾಡ್ತಾರೆ. ಇಲ್ಲಾ ಪಿಎಚ್‌ಪಿಯಲ್ಲಿ ಸಾಲಿನ ಮುಂದೆ ಒಂದು ‘ಅಟ್’ ಚಿಹ್ನೆ ಹಾಕಿ ಅದರ ಬಾಯಿ ಮುಚ್ಚಿಸ್ತಾರೆ. ಜ್ವರ ಬಂದಾಗ ಥರ್ಮಾಮೀಟರ್ ಒಡೆದಂಗೆ.

ಅದರ ಬದಲು ನಾಲ್ಕು ಪ್ರಶ್ನೆಗಳನ್ನ ಕ್ರಮವಾಗಿ ಕೇಳಿ. ಫಾರ್ಮ್ ಏನು ಕಳಿಸಿತು? ಸರ್ವರ್ ಏನು ಸ್ವೀಕರಿಸಿತು? ಸರ್ವರ್ ಡೇಟಾಬೇಸ್‌ಗೆ ಏನು ಹೇಳಿತು? ಡೇಟಾಬೇಸ್ ಏನು ಉತ್ತರ ಕೊಟ್ಟಿತು? ನಾಲ್ಕನ್ನೂ ಲಾಗ್‌ನಲ್ಲಿ ಬರೆಸಿ, ಪಕ್ಕಪಕ್ಕ ಇಟ್ಟು ನೋಡಿ. 2-20 ಯಾವ ಹೆಜ್ಜೆಯಲ್ಲಿ 2 ಆಯ್ತೋ ಅಲ್ಲೇ ತಪ್ಪಿದೆ. ಬ್ರೌಸರ್‌ನಲ್ಲಿ ಚೆಕ್ ಇದೆಯಲ್ಲ ಅಂತ ನಂಬಬೇಡಿ, ಅದನ್ನ ಯಾರು ಬೇಕಾದರೂ ದಾಟಬಹುದು. ಕಟ್ಟಕಡೆಯ ಚೆಕ್ ಸರ್ವರ್‌ನಲ್ಲಿ ಮತ್ತು ಡೇಟಾಬೇಸ್‌ನಲ್ಲೇ ಇರಬೇಕು. ಫಾರ್ಮಿನಲ್ಲಿ ಬಂದ ಹೆಸರನ್ನ ನೇರವಾಗಿ ಆಜ್ಞೆಯ ಸಾಲಿಗೆ ಅಂಟಿಸಬೇಡಿ, ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ. ಡಿಸೋಜಾ ಅನ್ನೋ ಹೆಸರನ್ನ ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಬರೋ ಒಂಟಿ ಚಿಹ್ನೆಗೇ ಮುರಿದುಬೀಳೋ ಪ್ರೋಗ್ರಾಂ, ಕಳ್ಳನಿಗೂ ಅದೇ ಜಾಗದಲ್ಲಿ ಬಾಗಿಲು ತೆರೆದಿರುತ್ತೆ. ಇದರ ಬಗ್ಗೆ 1998ರಲ್ಲೇ ‘ಫ್ರ್ಯಾಕ್’ ಪತ್ರಿಕೆಯಲ್ಲಿ ಬರೆದಿದ್ದರು.

ಊರಿನ ಹೆಸರೇ ಸಿಗದಿದ್ದರೆ

ಈಗ ಕನ್ನಡಕ್ಕೆ ಬರೋಣ. ಯಲಬುರ್ಗಾ ಅನ್ನೋ ಹೆಸರಿನಲ್ಲಿ ಒಂದು ಅರ್ಕಾವತ್ತು ಇದೆ. ಯೂನಿಕೋಡ್‌ನಲ್ಲಿ ಅದು ಉಚ್ಚಾರಣೆಯ ಕ್ರಮದಲ್ಲೇ ಕೂರುತ್ತೆ, ಮೊದಲು ರ್, ಆಮೇಲೆ ಗಾ. ಯೂನಿಕೋಡ್‌ಗಿಂತ ಹಿಂದಿನ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣೋ ಕ್ರಮ, ಮೊದಲು ಗಾ, ಆಮೇಲೆ ಆ ಕೊಕ್ಕೆ. ಕೊಕ್ಕೆ ಸಿಗದವರು ಕನ್ನಡದ ಒಂಬತ್ತನ್ನೇ ಹಾಕಿಬಿಟ್ಟದ್ದೂ ಇದೆ: ‘ಯಲಬುಗಾ೯’. ಓದೋ ಮನುಷ್ಯನಿಗೆ ತೊಂದರೆ ಇಲ್ಲ. ಹುಡುಕೋ ಯಂತ್ರಕ್ಕೆ ಅದು ಊರಿನ ಹೆಸರಲ್ಲ, ಕೊನೆಯಲ್ಲಿ ಅಂಕಿ ಇರೋ ಯಾವುದೋ ಪದ.

ಕೊಪ್ಪಳದ ಕಥೆ ಇನ್ನೂ ಸೂಕ್ಷ್ಮ. ‘ಕೊ’ದಲ್ಲಿರೋ ಒತ್ವವನ್ನ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೀಬಹುದು, ಇಲ್ಲಾ ಎತ್ವ ಮತ್ತು ಊತ್ವದ ಚಿಹ್ನೆ ಸೇರಿಸಿ ಎರಡು ಸಂಕೇತವಾಗಿಯೂ ಬರೀಬಹುದು. ಸ್ಕ್ರೀನ್ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲ್ಲ. ನೇರವಾಗಿ ಹೋಲಿಸಿದರೆ ಕಂಪ್ಯೂಟರ್‌ಗೆ ಅವು ಎರಡು ಬೇರೆ ಊರು. ಸೇವ್ ಮಾಡೋ ಮುಂಚೆ ಒಂದೇ ರೂಪಕ್ಕೆ ತರೋದಕ್ಕೆ ನಾರ್ಮಲೈಸೇಶನ್ ಅಂತಾರೆ, ಕನ್ನಡದಲ್ಲಿ ಫಾರ್ಮ್ ಬರೆಯೋರು ಇದನ್ನ ಮರೀಬಾರದು. ಇನ್ನು ಡೇಟಾಬೇಸ್ ಜೊತೆಗಿನ ಸಂಪರ್ಕ ಯುಟಿಎಫ್-8ರಲ್ಲಿ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಕೂರಬಹುದು. ಹಂಗೆ ಸೇವ್ ಆದ ಮೇಲೆ ಮೂಲ ಅಕ್ಷರ ವಾಪಸ್ ಬರೋದಿಲ್ಲ.

ಇದಕ್ಕೇ ಆನ್‌ಲೈನ್ ಪಹಣಿ ನೋಡುವಾಗ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮವನ್ನ ಟೈಪ್ ಮಾಡಿಸೋದಿಲ್ಲ, ಪಟ್ಟಿಯಿಂದ ಆರಿಸೋಕೆ ಹೇಳ್ತಾರೆ. ಒಳಗೆ ಓಡಾಡೋದು ಕೋಡ್ ನಂಬರ್. ಅದು ಒಳ್ಳೇದೇ. ಯಾಕಂದ್ರೆ ಊರು ಅಲ್ಲೇ ಇದ್ದರೂ ತಾಲೂಕು ಬದಲಾಗುತ್ತೆ. ಯಲಬುರ್ಗಾದಿಂದ ಕುಕನೂರು, ಗಂಗಾವತಿಯಿಂದ ಕಾರಟಗಿ, ಕನಕಗಿರಿ ಹೊಸ ತಾಲೂಕುಗಳಾದವು. ತಾಲೂಕಿನ ಹೆಸರನ್ನೇ ಗುರುತಾಗಿ ಇಟ್ಕೊಂಡ ಹಳೇ ಪಟ್ಟಿಗಳಲ್ಲಿ ಆ ಊರುಗಳು ಇನ್ನೂ ಹಿಂದಿನ ತಾಲೂಕಿನಲ್ಲೇ ಇರ್ತಾವೆ. ಸರ್ವೆ ನಂಬರ್ ಕೂಡ ಅಷ್ಟೇ. 5/2 ಅಂತ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ನೋಡಿ, ಅದು ತಾರೀಖಾಗಿಬಿಡುತ್ತೆ. ಐದನೇ ಸರ್ವೆ ನಂಬರಿನ ಎರಡನೇ ಹಿಸ್ಸಾ ಹೋಗಿ ಕ್ಯಾಲೆಂಡರ್ ಸೇರಿತು.

ಆದರೆ ಮನುಷ್ಯರ ಹೆಸರಿಗೆ ಪಟ್ಟಿ ಮಾಡೋಕೆ ಆಗಲ್ಲ. ಪಹಣಿಯಲ್ಲಿ ತಂದೆಯ ಹೆಸರು, ಅಡ್ಡಹೆಸರು ಪೂರ್ತಿ. ಆಧಾರ್‌ನಲ್ಲಿ ಇನಿಷಿಯಲ್. ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. 2018ರ ಬೆಳೆ ಸಾಲಮನ್ನಾಕ್ಕೆ ಈ ಮೂರೂ ದಾಖಲೆ ಕೇಳಿದರು. 2024ರಲ್ಲಿ ಪಹಣಿಗೆ ಆಧಾರ್ ಜೋಡಣೆ ನಡೀತು. ಅಲ್ಲಿವರೆಗೆ ಬೇರೆ ಬೇರೆ ಕಪಾಟಿನಲ್ಲಿ ಸುಮ್ಮನೆ ಇದ್ದ ಕಾಗದಗಳನ್ನ ಎದುರುಬದುರು ನಿಲ್ಲಿಸಿದ ಮೇಲೆ, ಒಬ್ಬನೇ ಮನುಷ್ಯ ಮೂವರಂತೆ ಕಾಣ್ತಾನೆ. ತೀರಿಹೋದ ಅಜ್ಜನ ಹೆಸರಲ್ಲೇ ಖಾತೆ ಉಳಿದಿದ್ದರಂತೂ ಜೋಡಿಸೋಕೆ ಆಧಾರೇ ಇಲ್ಲ.

ತಾಳೆ ಆದರೂ ಸತ್ಯ ಅಲ್ಲ

ಖಾತೆ ಬದಲಾವಣೆ ಡೆಬಿಟ್, ಕ್ರೆಡಿಟ್ ಇದ್ದಂಗೆ. ಮಾರಿದವರ ಹೆಸರಿನಿಂದ 2 ಎಕರೆ ಇಳೀಬೇಕು, ಕೊಂಡವರ ಹೆಸರಿಗೆ 2 ಎಕರೆ ಏರಬೇಕು. ಎರಡೂ ಆಗಬೇಕು, ಇಲ್ಲಾ ಎರಡೂ ಆಗಬಾರದು. ಮಧ್ಯದಲ್ಲಿ ಕರೆಂಟ್ ಹೋದರೆ ಅರ್ಧ ಕೆಲಸವನ್ನ ವಾಪಸ್ ತೆಗೆಯೋ ವ್ಯವಸ್ಥೆಗೆ ಟ್ರಾನ್ಸಾಕ್ಷನ್ ಅಂತಾರೆ. ಅದನ್ನ ಬಳಸದೆ ಎರಡು ಸಾಲು ಬೇರೆ ಬೇರೆ ಓಡಿಸಿದರೆ, ಒಂದೇ ಹೊಲಕ್ಕೆ ಇಬ್ಬರು ಮಾಲೀಕರು ಹುಟ್ಟಬಹುದು, ಇಲ್ಲಾ ಮಾಲೀಕರೇ ಇಲ್ಲದ ಹೊಲ ಉಳೀಬಹುದು.

ಅಕೌಂಟೆನ್ಸಿಯ ಇನ್ನೊಂದು ಪಾಠವೂ ಇಲ್ಲಿ ನೆನಪಾಗುತ್ತೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಯ್ತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಒಬ್ಬರ ಖಾತೆಗೆ ಹಾಕಬೇಕಾದದ್ದನ್ನ ಇನ್ನೊಬ್ಬರ ಖಾತೆಗೆ ಹಾಕಿದರೂ ಮೊತ್ತ ತಾಳೆ ಆಗುತ್ತೆ. ಪಹಣಿಯಲ್ಲೂ ಅಷ್ಟೇ. ತಂಗಿಯ ಹೆಸರು ಬಿಟ್ಟು ಅಣ್ಣನ ಹೆಸರಿಗೇ ಪೂರ್ತಿ ಏರಿಸಿದರೆ ಕಾಲಂ 3, ಕಾಲಂ 9 ಅಚ್ಚುಕಟ್ಟಾಗಿ ತಾಳೆ ಆಗ್ತಾವೆ. ಎಂಥಾ ಡೇಟಾಬೇಸೂ ಇದನ್ನ ಹಿಡಿಯಲ್ಲ.

ಕಾಯ್ದೆ ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಖಾತೆ ಬದಲಾಗೋ ಮುಂಚೆ ನೋಟಿಸ್ ಹಾಕಿ, ಆಕ್ಷೇಪಣೆಗೆ ಕಾಲಾವಕಾಶ ಕೊಡಬೇಕು ಅಂತ ಇಟ್ಟರು. ಭೂಮಿ ಶುರುವಾದಾಗ ಅದು 30 ದಿನ ಇತ್ತು. ಪಕ್ಕದ ಹೊಲದವರು, ಮನೆಯ ಹೆಣ್ಣುಮಕ್ಕಳು, ಸಾಲ ಕೊಟ್ಟವರು ನೋಡಿ ‘ಇದು ಸರಿ ಇಲ್ರೀ’ ಅನ್ನೋಕೆ ಆ ದಿನಗಳು. ಅದು ಬರೀ ಸರ್ಕಾರಿ ವಿಳಂಬ ಅಲ್ಲ. ಯಂತ್ರದಿಂದ ಆಗದ ಚೆಕ್ಕನ್ನ ಊರಿಂದ ಮಾಡಿಸೋ ಉಪಾಯ.

ಮುಂಚೆ ತಪ್ಪಾದರೆ ಬೈಯೋಕೆ ಎದುರಿಗೆ ಒಬ್ಬ ಮನುಷ್ಯ ಇರ್ತಿದ್ದ. ಈಗ ಕೌಂಟರ್‌ನಲ್ಲಿ ಬರೋ ಉತ್ತರ ‘ಸಿಸ್ಟಮ್ ತಗೋತಿಲ್ರೀ’. ಆ ಮಾತು ಕೇಳಿ ವಾಪಸ್ ಬರಬೇಡಿ. ತಗೋತಿಲ್ಲ ಅನ್ನೋ ಎರರ್ ಒಂದು ಸುಳಿವು. ಯಾವ ಕಾಲಂ ತಗೋತಿಲ್ಲ, ಯಾವುದಕ್ಕೆ ತಾಳೆ ಆಗ್ತಿಲ್ಲ, ಅದನ್ನ ಬರೆದು ಕೊಡಿ ಅಂತ ಕೇಳಿ. ಬರೆದದ್ದು ಕೈಯಲ್ಲಿದ್ದರೆ ತಿದ್ದುಪಡಿ ಅರ್ಜಿ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತೆ.

ಸದ್ದು ಮಾಡದ ತಪ್ಪಿಗೆ ಮಾತ್ರ ಯಾರೂ ನಿಮ್ಮನ್ನ ಕರೆಯಲ್ಲ, ನೀವೇ ಹುಡುಕಬೇಕು. ಈ ವಾರ ಒಂದು ಕೆಲಸ ಮಾಡಿ. ಮನೆಯ ಪಹಣಿಯನ್ನ ಫೋನಿನಲ್ಲೇ ತೆಗೀರಿ. ಕಾಲಂ 3 ನೋಡಿ, ಕಾಲಂ 9 ಕೂಡಿಸಿ, 40ರ ಲೆಕ್ಕದಲ್ಲಿ. ಹೆಸರುಗಳನ್ನ ಮನೆಯ ಹಿರಿಯರ ಎದುರು ಜೋರಾಗಿ ಓದಿ. ಕಾಲಂ 11ರಲ್ಲಿ ಯಾವತ್ತೋ ತೀರಿಸಿದ ಸಾಲ ಇನ್ನೂ ಕೂತಿದೆಯಾ ನೋಡಿ. ಅಪ್ಪ-ಅಮ್ಮಂಗೆ ಓದೋಕೆ ಬರದಿದ್ದರೆ, ನಿಮಗೆ ಬರುತ್ತಲ್ಲ.